ಮೊದಲ ಔನ್ಸು

ನಮ್ಮ ಪಕ್ಕದ ಮನೆಯ ಕಾಂಪೌಂಡರ್ ಅವರ ಬಲಗೈ ಬೆರಳುಗಳು ಕಷಾಯದ ಬಣ್ಣಕ್ಕೆ ತಿರುಗಿದ್ದವು. ಉಗುರಿನ ಸಂದಿಯ ಹಸಿರು ಗೆರೆ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಿಂದ ತೀರ್ಥ ಕೊಟ್ಟರೂ ಬ್ರಾಂದಿ ವಾಸನೆ ಬರುತ್ತದೆ ಎಂದು ಅವರ ಹೆಂಡತಿ ಮುಖ ಸಿಂಡರಿಸುತ್ತಿದ್ದರು. ಹಾಗೆಂದು ಕುಡಿದು ತೂರಾಡಿದ ಮನುಷ್ಯನಲ್ಲ, ಮದುವೆ ಮನೆಯಲ್ಲಿ ಕೂಡ ಲೋಟ ಮುಟ್ಟಿದವರಲ್ಲ.

ಕಿರುಗಾವಲಿನಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಮಳವಳ್ಳಿಯ ಡಾಕ್ಟರೊಬ್ಬರ ಹತ್ತಿರ ಬಹಳ ವರ್ಷ ಔಷಧಿ ಕಲೆಸಿಕೊಟ್ಟವರು, ಕೆಲಸ ಬಿಟ್ಟ ಮೇಲೆ ಹಿಂದಿನ ಕೋಣೆಯಲ್ಲಿ ಗಾಜಿನ ಜಾಡಿಗಳನ್ನಿಟ್ಟುಕೊಂಡು ಟಿಂಚರ್ ಮಾಡತೊಡಗಿದರು. ಆಡುಸೋಗೆ ಎಲೆ, ಹಿಪ್ಪಲಿ, ಜ್ಯೇಷ್ಠಮಧು ಜಜ್ಜಿ, ಮುಳುಗುವಷ್ಟು ಬ್ರಾಂದಿ ಸುರಿದು, ಎರಡು ವಾರ ಕತ್ತಲಲ್ಲಿಟ್ಟು ಹಿಂಡಿದರೆ ಕೆಮ್ಮಿನ ಔಷಧಿ. ನಮ್ಮವ್ವನಿಗೆ ಇಂಗ್ಲಿಷ್ ಸಿರಪ್ಪೆಲ್ಲ ನೀರು. ಇವರ ಬಾಟಲಿ ಬಂದರೆ ಮಾತ್ರ ನಿದ್ದೆ.

ಬ್ರಾಂದಿ ತರಲು ಮಳವಳ್ಳಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು. ಮಾನ ಹೋಗುತ್ತೆ, ಒಂದು ಚೀಲಕ್ಕಾದರೂ ಹಾಕ್ಕೊಳ್ಳಿ ಎಂದು ನಾನು ಬೈದರೆ, "ಬಚ್ಚಿಟ್ಕಂಡ್ರೆ ತಾನೆ ಕಣವ್ವ ಅನುಮಾನ? ಬಾಳೆಅಣ್ಣು ತರಾಕಿಲ್ವಾ, ಅಂಗೇ ಇದೂವೆ" ಎನ್ನುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿತ್ತು. ಹೊಸ ಜಾಡಿ ಹಿಂಡಿದ ದಿನ ಅದರಿಂದ ಮೊದಲ ಒಂದು ಔನ್ಸು ತಾವೇ ಕುಡಿಯಬೇಕು, ರಾತ್ರಿ ಕಳೆಯಬೇಕು, ಆಮೇಲೆ ಬೇರೆಯವರಿಗೆ. "ನಿಮ್ಗೆ ಚಮಚ ಕೊಡೋನು ನಾನು ಕುಡೀದೆ ಓದ್ರೆ ಯಾವ ಮಕ ಇಟ್ಕಂಡು ಕೊಡ್ಲಿ?" ಬೀದಿಯ ಹುಡುಗರು "ಇವತ್ತು ಟೆಸ್ಟಿಂಗಾ ಕಾಂಪೌಂಡ್ರೇ?" ಎಂದು ಕಿಚಾಯಿಸಿದರೆ ಅವರೂ ನಗುತ್ತಿದ್ದರು.

ಕೊರೊನಾ ಬಂದು ಮೊದಲ ಸಲ ಎಲ್ಲ ಮುಚ್ಚಿದಾಗ ಬ್ರಾಂದಿ ಅಂಗಡಿಗಳಿಗೂ ಬೀಗ ಬಿತ್ತು. ಅವ್ವನ ಬಾಟಲಿ ತಳ ಕಂಡಿತ್ತು. ಹಗಲೂ ರಾತ್ರಿ ಕೆಮ್ಮು. ಆಗ ಕೆಮ್ಮಿದರೆ ಜನ ಹೇಗೆ ನೋಡುತ್ತಿದ್ದರು ಎಂದು ಹೇಳಬೇಕಿಲ್ಲ. ಹಾಲಿನವಳು ಕೂಡ ನಮ್ಮ ಬಾಗಿಲು ಬಿಟ್ಟು ಮುಂದೆ ಹೋದಳು.

ಅಂಥ ಹೊತ್ತಿನಲ್ಲಿ ಕಾಂಪೌಂಡರ್ ಅವರ ಅಕ್ಕನ ಮಗ ಮದ್ದೂರಿನಿಂದ ತರಕಾರಿ ಗಾಡಿ ಹತ್ತಿ ಬಂದ. ಕೈಯಲ್ಲಿ ಒಂದು ಬಿಳಿ ಕ್ಯಾನು. ಅದರ ಮೇಲಿನ ಚೀಟಿ ಕೆರೆದು ತೆಗೆದಿತ್ತು. ನನಗೆ ಅದು ಸರಿ ಕಾಣಲಿಲ್ಲ.

"ಚೀಟಿ ಯಾಕ್ಲಾ ಕಿತ್ತವ್ರೆ?" ಎಂದೆ.

"ಸ್ಯಾನಿಟೈಜರ್ ಮಾಡೋರ ತಾವ ತಂದೆ ಕಣಕ್ಕ. ಅಂಗೇ ಕೊಟ್ರು. ಸ್ಪಿರಿಟ್ಟು ಅಂದ್ರೆ ಸ್ಪಿರಿಟ್ಟೇ ಬುಡು."

ಕಾಂಪೌಂಡರ್ ಮೂಸಿ ನೋಡಿದರು. ಸ್ಟೀಲ್ ತಟ್ಟೆಗೆ ನಾಲ್ಕು ಹನಿ ಹಾಕಿ ಕಡ್ಡಿ ಗೀರಿದರು. ಹೊಗೆಯಿಲ್ಲದೆ ನೀಲಿಯಾಗಿ ಉರಿಯಿತು. "ನೀಲಿ ಉರಿ ಬಂತು ಅಂದ್ರೆ ಸುದ್ದ ಮಾಲು ಕಣವ್ವ" ಎಂದು ಬ್ರಾಂದಿಗೆ ಬದಲು ಅದನ್ನೇ ಸುರಿದು ಜಾಡಿ ತುಂಬಿದರು. ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು ಸುಮ್ಮನಾದೆ.

ಹಿಂಡಿದ ದಿನ ಸಂಜೆ ಅವ್ವ ಅವರ ಜಗಲಿಗೇ ಹೋಗಿ ಕೂತಳು. "ಕೊಟ್ಬುಡಪ್ಪ, ಈ ರಾತ್ರಿ ತಡಿಯಕಾಗಕಿಲ್ಲ."

"ನಾಳೆ ಬೆಳಿಗ್ಗೆ ಕೊಡ್ತೀನಿ. ಇದೊಂದು ರಾತ್ರಿ ತಡ್ಕಳಮ್ಮ."

"ನಾ ಸತ್ತ ಮೇಲೆ ಬಾಯ್ಗೆ ಬುಡ್ತೀಯಾ?" ಎಂದು ಅವ್ವ ರೇಗಿ ಎದ್ದು ಬಂದಳು. ಅವರು ಔನ್ಸ್ ಗ್ಲಾಸಿನಲ್ಲಿ ಅಳೆದು ಅವಳ ಬೆನ್ನ ಹಿಂದೆಯೇ ಕುಡಿದರು.

ಬೆಳಿಗ್ಗೆ ಅಂಗಳದಲ್ಲಿ ಕಣ್ಣುಜ್ಜುತ್ತ ನಿಂತಿದ್ದರು. "ಯಾವ ಆಲೆಮನೆ ಒಲೆ ಹಚ್ಚವ್ರೆ ಕಣವ್ವ? ಒಗೆ ಇಷ್ಟೊಂದು ತುಂಬ್ಕಂಡದೆ."

ಒಂದು ಆಲೆಮನೆಯೂ ನಡೆಯುತ್ತಿರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. "ಹೊಗೆ ಎಲ್ಲೂ ಇಲ್ವಲ್ಲ" ಎಂದೆ. ಅವರಿಗೆ ಅರ್ಥವಾಯಿತು. ಗೋಡೆ ತಡಕಿಕೊಂಡು ನನ್ನ ಕಡೆ ಬಂದರು. "ಬಾಟ್ಲಿ ನಿಮ್ಮನೇಗೆ ಬಂದಿಲ್ಲ ತಾನೆ?"

"ಇಲ್ಲ."

"ಜಾಡಿ ಚೆಲ್ಬುಡು. ಚರಂಡಿಗೆ ಬ್ಯಾಡ, ದನ ಕರ ಕುಡೀತವೆ. ಗುಂಡಿ ತೋಡಿ ಉಯ್ಯಿ."

ಮಂಡ್ಯದ ಆಸ್ಪತ್ರೆಗೆ ಹೋಗುವ ಆಂಬುಲೆನ್ಸಿನಲ್ಲೂ ಅದನ್ನೇ ಕೇಳಿದರು, ಬಂದಿಲ್ಲ ತಾನೆ, ಬಂದಿಲ್ಲ ತಾನೆ. ಒಳ್ಳೆಯ ಸ್ಪಿರಿಟ್ಟೂ ಕಣ್ಣು ಕಳೆಯುವ ವಿಷದ ಸ್ಪಿರಿಟ್ಟೂ ಎರಡೂ ನೀಲಿಯಾಗೇ ಉರಿಯುತ್ತವೆ, ಮೂಸಿದರೂ ಗೊತ್ತಾಗುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಮಾರನೆಯ ದಿನ ಕಾಂಪೌಂಡರ್ ತೀರಿಹೋದರು. ನಾನು ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಹೆಣ ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಅಂಗಡಿ ಮುಚ್ಚಿದ್ದಕ್ಕೆ ತಡೆಯಲಾರದೆ ಏನೋ ಕುಡಿದು ಸತ್ತನಂತೆ, ಔಷಧಿ ಗಿಷಧಿ ಎಲ್ಲ ನೆಪವಂತೆ. ಯಾರ ಬಾಯಿಗೆ ಅಡ್ಡ ಕೈ ಇಡುವುದು? ತಿಥಿಯ ದಿನ ಪಂಕ್ತಿಯಲ್ಲೇ ಒಬ್ಬ ನೆಂಟ, "ಈ ವಯಸ್ಸಲ್ಲಿ ಕುಡಿಯಕ್ಕೆ ಓಗಿ" ಎಂದು ಶುರು ಮಾಡಿದ. ಪಾಯಸ ಬಡಿಸುತ್ತಿದ್ದ ಕಾಂಪೌಂಡರ್ ಹೆಂಡತಿ ಸೌಟು ಹಿಡಿದು ಹಾಗೇ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಊ ಕಣಪ್ಪ, ಕುಡ್ದ" ಎಂದಳು. "ನಾನು ಕುಡೀಬೇಕಾಗಿದ್ದನ್ನ ಆವಯ್ಯ ಕುಡ್ದ."