ಅರ್ಧ ಪುಟದ ಕಾಕ

ಕಳೆದ ವಾರ ನಮ್ಮ ವಾರ್ಡಿನ ಕಂಪ್ಯೂಟರುಗಳು ಬೆಳಿಗ್ಗೆ ಬೆಳಿಗ್ಗೆಯೇ ಕೈಕೊಟ್ಟವು. ಐರ್ಲೆಂಡಿನ ಈ ಆಸ್ಪತ್ರೆಯಲ್ಲಿ ಹಾಗಾಗುವುದು ಅಪರೂಪ. ವಾರ್ಡಿನ ಹಿರಿಯ ಸಿಸ್ಟರ್ ಬೀರುವಿನ ತಳದಿಂದ ಹಳೆಯ ಫಾರಂ ಪುಸ್ತಕವೊಂದನ್ನು ಎಳೆದು ತಂದು ನನ್ನ ಕೈಗಿಟ್ಟರು. ಹಾಳೆಗಳ ನಡುವೆ ನೀಲಿ ಕಾರ್ಬನ್ ಪೇಪರ್ ಇತ್ತು. ಎರಡು ಫಾರಂ ತುಂಬಿಸುವಷ್ಟರಲ್ಲಿ ಬೆರಳ ತುದಿಗೆ ನೀಲಿ ಹತ್ತಿತು, ಎಣ್ಣೆ ಎಣ್ಣೆಯಾದ ಆ ವಾಸನೆ ಮೂಗಿಗೆ ಬಂತು. ಆಮೇಲೆ ಆ ದಿನವಿಡೀ ನಾನು ಅರ್ಧ ವಾರ್ಡಿನಲ್ಲಿ, ಅರ್ಧ ನಮ್ಮೂರು ಕಡಬದ ತಾಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ.

ಆ ಜಗಲಿಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಬ್ಯಾರಿ ಮುಸಲ್ಮಾನರು, ಅರುವತ್ತು ದಾಟಿದವರು. ಊರಿಗೆಲ್ಲ ಅವರು ಅರ್ಜಿ ಕಾಕ. ಬೆನ್ನ ಹಿಂದೆಯೇ ಜೆರಾಕ್ಸ್ ಮೆಷಿನ್ ಇದ್ದರೂ ತಮ್ಮ ಪ್ರತಿಯನ್ನು ಕಾರ್ಬನ್ ಇಟ್ಟೇ ತೆಗೆಯುತ್ತಿದ್ದರು. ಕರೆಂಟು ಹೋದರೆ ನಿಮ್ಮ ಮೆಷಿನ್ ಎಂತ ಮಾಡ್ತದೆ ಎಂದು ಅಂಗಡಿಯ ಅಕ್ಕನನ್ನು ದಿನಕ್ಕೊಮ್ಮೆ ಕೆಣಕದಿದ್ದರೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ಪ್ರತಿ ಕಾಗದಕ್ಕೂ ಪುತ್ತೂರಿಗೆ ಬಸ್ಸು ಹತ್ತುತ್ತಿದ್ದ ಜನ ಕಡಬ ತಾಲೂಕಾದ ಮೇಲೆ ಇಲ್ಲಿಗೇ ಬರತೊಡಗಿದ್ದರಿಂದ ಆ ಎರಡನೆಯ ಕುರ್ಚಿ ಖಾಲಿ ಇರುವುದೇ ಕಡಿಮೆಯಾಗಿತ್ತು.

ನಾನಾಗ ಕಡಬದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ಕೆಲಸದಲ್ಲಿ ನನ್ನ ಕೈ ಚುರುಕು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ದೊಡ್ಡ ವಾರ್ಡೊಂದನ್ನು ನಡೆಸಬಲ್ಲೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕೆಲಸವೂ ಸಿಕ್ಕಿತ್ತು. ಆದರೆ ಅಲ್ಲಿ ನರ್ಸ್ ಎಂದು ನೋಂದಣಿಯಾಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು ಎಂದು ನಾಲ್ಕು ಭಾಗ. ಮೊದಲ ಮೂರರಲ್ಲಿ ಸಲೀಸಾಗಿ ಪಾಸು. ಬರೆಯುವುದರಲ್ಲಿ ಎರಡು ಸಲ ಡುಮ್ಕಿ.

ಬರೆಯುವುದೆಂದರೆ ಪ್ರಬಂಧವೇನಲ್ಲ. ಒಬ್ಬ ರೋಗಿಯ ವಿವರಗಳನ್ನೆಲ್ಲ ಕೊಟ್ಟಿರುತ್ತಾರೆ. ಅದನ್ನು ಓದಿ, ಮುಂದೆ ಆ ರೋಗಿಯನ್ನು ನೋಡಿಕೊಳ್ಳುವವರಿಗೆ ನಾವೊಂದು ಪತ್ರ ಬರೆಯಬೇಕು. ನಾನು ಕೊಟ್ಟದ್ದನ್ನೆಲ್ಲ ಬಿಡದೆ ತುಂಬಿಸುತ್ತಿದ್ದೆ. ಪುತ್ತೂರಿನಲ್ಲಿ ಭಾನುವಾರದ ಕೋಚಿಂಗಿನ ಸರ್ ನನ್ನ ಉತ್ತರ ನೋಡಿ, ಭಾಷೆ ಚೆನ್ನಾಗಿದೆ, ವಿಷಯ ಸೋಸಬೇಕು ಎನ್ನುತ್ತಿದ್ದರು. ಹೇಗೆ ಸೋಸುವುದೆಂದು ಕೇಳಿದರೆ ಇನ್ನೊಂದು ಮಾದರಿ ಪತ್ರ ಕೊಡುತ್ತಿದ್ದರು. ಐರ್ಲೆಂಡಿನ ಆಸ್ಪತ್ರೆಯವರು ಇನ್ನು ನಾಲ್ಕು ತಿಂಗಳು ಕಾಯುತ್ತೇವೆ ಎಂದು ಮೇಲ್ ಕಳಿಸಿದ್ದರು. ಮೂರನೆಯ ಸಲವೂ ಹೋದರೆ ಆ ಕೆಲಸ ಬೇರೆಯವರ ಪಾಲು.

ಅದೇ ದಿನಗಳಲ್ಲಿ ನನಗೊಂದು ವಾಸಸ್ಥಳದ ಪ್ರಮಾಣಪತ್ರ ಬೇಕಾಯಿತು. ಅರ್ಜಿ ಬರೆಸಲು ಇನ್ನೊಬ್ಬರ ಹತ್ತಿರ ಹೋಗುವವಳು ನಾನಲ್ಲ. ನಾನೇ ಎರಡು ಪುಟ ಬರೆದುಕೊಂಡು ಹೋಗಿದ್ದೆ. ನಮ್ಮಜ್ಜ ಬೆಳ್ಳಾರೆ ಕಡೆಯಿಂದ ಬಂದದ್ದು, ಅಪ್ಪ ಜಾಗ ಮಾಡಿದ್ದು, ನಾನು ಯಾವ ಶಾಲೆ, ಯಾವ ಕಾಲೇಜು, ಎಲ್ಲ ಅದರಲ್ಲಿತ್ತು. ಜೆರಾಕ್ಸ್ ಮಾಡಿಸುವಾಗ ಕಾಕ ಕೈ ನೀಡಿ ಅದನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದರು, ಒಂದಕ್ಷರ ಬಿಡದೆ.

"ಸಿಸ್ಟ್ರೇ, ಇದು ತಹಶೀಲ್ದಾರರಿಗೆ ಕೊಡ್ಲಿಕ್ಕಾ, ನೆಂಟರಿಗೆ ಕಳಿಸ್ಲಿಕ್ಕಾ?"

ನನಗೆ ಮೈಯೆಲ್ಲ ಉರಿಯಿತು. ನಾನು ಜೆರಾಕ್ಸಿಗೆ ದುಡ್ಡು ಕೊಟ್ಟು ಬರುವಷ್ಟರಲ್ಲಿ ಅವರು ಅರ್ಧ ಪುಟದಲ್ಲಿ ಹೊಸ ಅರ್ಜಿ ಬರೆದು ಮುಗಿಸಿದ್ದರು. ಕಚೇರಿಯ ಗುಮಾಸ್ತರು ಅದರ ಮೇಲೆ ಒಮ್ಮೆ ಕಣ್ಣಾಡಿಸಿ, ಒಂದು ಪ್ರಶ್ನೆಯನ್ನೂ ಕೇಳದೆ ಠಸ್ಸೆ ಒತ್ತಿ ಒಳಗಿಟ್ಟುಕೊಂಡರು. ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ನನ್ನ ಸಿಟ್ಟು ಇಳಿಯಿತು, ತಲೆ ಓಡತೊಡಗಿತು. ನೇರ ಜಗಲಿಗೆ ಹೋಗಿ ಚೀಲದಿಂದ ಪರೀಕ್ಷೆಯ ಮಾದರಿ ಪ್ರಶ್ನೆ ತೆಗೆದು ಅವರ ಮುಂದಿಟ್ಟೆ. ತನಗೆ ಇಂಗ್ಲಿಷ್ ಬರುದಿಲ್ಲ ಎಂದರು. ಬರೆಯುದು ನಾನು, ಯಾವುದನ್ನು ಬಿಡುದು ಅಂತ ನೀವು ಹೇಳಿದರೆ ಸಾಕು ಎಂದೆ. ಅವರು ಪ್ರಶ್ನೆಯ ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಬಿಡ್ಲಿಕ್ಕೂ ಎಲ್ಲ ಗೊತ್ತಿರ್ಬೇಕಲ್ಲ. ಮೊದಲು ಕೂತು ಕೇಳಿ," ಎಂದರು.

ಹಾಗೆ ನನ್ನ ಪಾಠ ಶುರುವಾಯಿತು. ಬೆಳಗಿನ ಡ್ಯೂಟಿ ಮುಗಿಸಿ, ಮೂರು ಗಂಟೆಗೆ ಹೋಗಿ ಜಗಲಿಯ ತುದಿಯಲ್ಲಿ ಕೂರುವುದು. ಮೊದಲ ವಾರ ನಾನು ಒಂದಕ್ಷರ ಬರೆಯಲಿಲ್ಲ, ಅವರು ಬರೆಯುವುದನ್ನು ನೋಡಿದೆ. ಒಂದು ದಿನ ಒಬ್ಬ ಅಜ್ಜಿ ಬಂದರು. ತೋಡು ದಾಟುವ ಸಂಕ, ಅಂದರೆ ಮರದ ಕಾಲುಸೇತುವೆ, ಮುರಿಯುವ ಹಾಗಾಗಿದೆ, ಹೊಸ ಸಂಕ ಆಗಬೇಕು. ಹೇಳಲು ಕೂತರೆ ಆ ಸಂಕಕ್ಕೆ ಅಡಿಕೆ ಮರ ಹಾಕಿದ ಗಂಡ, ಅವರು ತೀರಿಹೋದದ್ದು, ಆಚೆ ಮನೆಯವರ ಜಗಳ, ಮಗನ ಮಗ, ಶಾಲೆಗೆ ಹೋಗುವ ಪುಳ್ಳಿ... ಕಾಕ ಪೆನ್ನಿನ ಮುಚ್ಚಳ ತೆಗೆಯದೆ ಎಲ್ಲವನ್ನೂ ಕೇಳಿದರು. ಗಂಡನ ವಿಷಯ ಬಂದಾಗ ಎರಡು ಪ್ರಶ್ನೆ ಹೆಚ್ಚಿಗೆಯೇ ಕೇಳಿದರು. ಕೊನೆಗೆ, ಇದನ್ನು ಓದುವವರು ನಾಳೆ ಎಂತ ಮಾಡ್ಬೇಕು ಅಮ್ಮ ಎಂದರು. ಅಜ್ಜಿ ಯೋಚಿಸಿ, ಬಂದು ಸಂಕ ನೋಡ್ಬೇಕು ಎಂದರು. ಆಗ ಮುಚ್ಚಳ ತೆಗೆದರು. ಶಾಲೆ ಶುರುವಾಗುವ ಮೊದಲು ಒಮ್ಮೆ ಬಂದು ಸಂಕ ನೋಡಬೇಕು, ಅದನ್ನು ಇಷ್ಟು ಮಕ್ಕಳು ದಾಟುತ್ತಾರೆ. ಅರ್ಜಿ ಅಷ್ಟೇ. ಗಂಡ ಅದರಲ್ಲಿ ಇರಲಿಲ್ಲ, ಆದರೂ ಅಜ್ಜಿ ಹಗುರಾಗಿ ಹೋದರು.

ಎರಡನೆಯ ವಾರದಿಂದ ನನ್ನ ಸರದಿ. ನಾನು ರೋಗಿಯ ವಿವರಗಳನ್ನು ಕನ್ನಡದಲ್ಲಿ ಓದಿ ಹೇಳುವುದು, ಅವರು ಕೇಳುವುದು. ಸೊಂಟದ ಮೂಳೆ ಆಪರೇಷನ್ ಆಗಿ ಮನೆಗೆ ಹೋಗುವ ಒಬ್ಬ ಮುದುಕಿ. ಮನೆಗೆ ಬಂದು ನೋಡುವ ನರ್ಸಿಗೆ ಪತ್ರ ಬರೆಯಬೇಕು. ಆ ನರ್ಸ್ ನಾಳೆ ಬಾಗಿಲು ತೆಗೆದು ಒಳಗೆ ಬಂದು ಮೊದಲು ಎಂತ ಮಾಡ್ತಾಳೆ ಎಂದು ಕೇಳಿದರು. ಗಾಯದ ಡ್ರೆಸ್ಸಿಂಗ್ ನೋಡ್ತಾಳೆ ಎಂದೆ. ಹಾಗಾದರೆ ಅದು ಮೊದಲು ಬರಲಿ ಎಂದರು. ಮುದುಕಿಗೆ ಮೂವತ್ತು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆದಿದ್ದರೆಂದು ನಾನು ಬರೆದಿದ್ದೆ. ಅದು ಎಂತಕ್ಕೆ ಎಂದರು. ಪ್ರಶ್ನೆಯಲ್ಲಿ ಕೊಟ್ಟಿದ್ದಾರಲ್ಲ ಎಂದೆ.

"ಕೊಟ್ಟದ್ದನ್ನೆಲ್ಲ ಹಾಕ್ಲಿಕ್ಕೆ ಇದೆಂತ ಸಾಂಬಾರಾ?"

ಅಂಗಡಿಯ ಅಕ್ಕ ಒಳಗಿಂದ ನಕ್ಕದ್ದು ಕೇಳಿಸಿತು. ಆದರೆ ಅವರು ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸಲಿಲ್ಲ. ಮುದುಕಿಗೊಂದು ಬೆಕ್ಕು ಇತ್ತು, ಅದನ್ನೂ ಹೊಡೆದು ಹಾಕಿ ಎಂದರು. ನಾನು ಬಿಡಲಿಲ್ಲ. ವಾಕರ್ ಹಿಡಿದು ನಡೆಯುವವರ ಕಾಲಿಗೆ ಬೆಕ್ಕು ಅಡ್ಡ ಬಂದರೆ ಆಪರೇಷನ್ ಮಾಡಿದ ಸೊಂಟದ ಗತಿ ಏನು, ಆ ನರ್ಸಿಗೆ ಗೊತ್ತಿರಬೇಡವೇ ಎಂದು ವಾದ ಹಾಕಿದೆ. ಕಾಕ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಕ್ಕು ಇರಲಿ, ನೀವು ಪಾಸಾಗ್ತೀರಿ ಎಂದರು. ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು. ನನಗೆ ಮಾತ್ರ ಅವತ್ತೇ ಪಾಸಾದ ಹಾಗಾಯಿತು.

ಪರೀಕ್ಷೆಯಲ್ಲಿ ಬರೆಯುವ ಮೊದಲು ಐದು ನಿಮಿಷ ಓದಲು ಕೊಡುತ್ತಾರೆ, ಆಗ ಪೆನ್ನು ಮುಟ್ಟುವ ಹಾಗಿಲ್ಲ. ಹಿಂದಿನ ಎರಡು ಸಲ ಆ ಐದು ನಿಮಿಷದಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗಿದ್ದೆ. ಈ ಸಲ ಆರಾಮವಾಗಿ ಓದಿದೆ, ಯಾರಿಗೆ ಬರೆಯುವುದು ಎಂದು ನೋಡಿಕೊಂಡೆ, ಬೇಡದ್ದನ್ನೆಲ್ಲ ಮನಸ್ಸಿನಲ್ಲೇ ಬಿಟ್ಟೆ. ಸಮಯ ಮುಗಿಯಲು ಹತ್ತು ನಿಮಿಷ ಇರುವಾಗ ಪತ್ರ ಮುಗಿದಿತ್ತು. ಪಕ್ಕದ ಹುಡುಗಿ ಇನ್ನೊಂದು ಹಾಳೆ ಕೇಳುತ್ತಿದ್ದಳು. ಪಾಪ ಅನಿಸಿತು.

ಫಲಿತಾಂಶ ಬಂದ ದಿನ ಡ್ಯೂಟಿ ಮುಗಿಸಿ ಹಲ್ವದ ಪೊಟ್ಟಣ ಹಿಡಿದು ಜಗಲಿಗೆ ಹೋದೆ. ಮೇಜು ಇತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಕಾಕನಿಗೆ ಸ್ಟ್ರೋಕ್ ಆಯಿತು, ಪುತ್ತೂರಿನ ಆಸ್ಪತ್ರೆಯಲ್ಲಿದ್ದರು, ನಿನ್ನೆ ಬೆಳ್ಳಾರೆಗೆ ಮಗಳ ಮನೆಗೆ ಕರೆದುಕೊಂಡು ಹೋದರು ಎಂದು ಅಂಗಡಿಯ ಅಕ್ಕ ಹೇಳಿದರು. ಪರೀಕ್ಷೆಯ ಗಡಿಬಿಡಿ, ಆಮೇಲೆ ಡ್ಯೂಟಿ ಎಂದು ಎರಡು ವಾರ ನಾನು ಆ ಕಡೆ ಹೋಗಿಯೇ ಇರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮರುದಿನ ಬೆಳ್ಳಾರೆಗೆ ಹೋದೆ. ಬಲಗೈ, ಬಲಗಾಲು ಬಿದ್ದಿತ್ತು. ಮಾತು ಬರುತ್ತಿರಲಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಪಾಸಾದೆ ಕಾಕ ಎಂದಾಗ ಎಡಗೈಯಿಂದ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ ಬಾಯಿಯ ಒಂದೇ ಬದಿಯಿಂದ ನಕ್ಕರು. ಅವರ ಮಗಳು ಆಸ್ಪತ್ರೆಯವರು ಕೊಟ್ಟ ಕಾಗದಗಳನ್ನು ತಂದು ತೋರಿಸಿದಳು. ಎಲ್ಲ ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಆರೋಗ್ಯ ಕೇಂದ್ರದ ಸಿಸ್ಟರ್ ವಾರಕ್ಕೆರಡು ಸಲ ಬರ್ತಾರೆ, ಇದರಲ್ಲಿ ಎಂತ ಮಾಡ್ಬೇಕು ಅಂತ ನಮಗೆ ಒಂದೂ ಗೊತ್ತಾಗುದಿಲ್ಲ ಎಂದಳು.

ನಾನು ಅಲ್ಲೇ ಮಂಚದ ಪಕ್ಕ ಕೂತು ಕನ್ನಡದಲ್ಲಿ ಆ ಸಿಸ್ಟರಿಗೆ ಪತ್ರ ಬರೆದೆ. ನುಂಗುವಾಗ ಕೆಮ್ಮು ಬರುತ್ತದೆ, ಎಬ್ಬಿಸಿ ಕೂರಿಸಿ, ಗಟ್ಟಿ ಗಂಜಿಯನ್ನು ಸಣ್ಣ ಚಮಚದಲ್ಲಿ ಕೊಡಬೇಕು. ಬಲ ತೋಳು ಹಿಡಿದು ಎಳೆಯಬಾರದು. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಬೇಕು. ಯಾವ ಮಾತ್ರೆ ಯಾವಾಗ, ಯಾವ ಲಕ್ಷಣ ಕಂಡರೆ ಕೂಡಲೇ ಪುತ್ತೂರಿಗೆ ಒಯ್ಯಬೇಕು. ಮಾತು ಬರದಿದ್ದರೂ ಎಲ್ಲ ತಿಳಿಯುತ್ತದೆ, ಇವರ ಹತ್ತಿರ ಮಾತಾಡುತ್ತಿರಬೇಕು. ಅರ್ಧ ಪುಟಕ್ಕೆ ಮುಗಿಯಿತು. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಇವರು ನನಗೆ ಬರೆಯಲು ಕಲಿಸಿದವರು.

ಓದಿ ಹೇಳಲು ಹೊರಟಾಗ ಕಾಕ ಎಡಗೈ ಚಾಚಿದರು. ಹಾಳೆಯನ್ನು ಪುಸ್ತಕದ ಮೇಲಿಟ್ಟು ಅವರ ಮುಂದೆ ಹಿಡಿದೆ. ಪ್ರತಿ ಸಾಲಿನ ಕೆಳಗೆ ಬೆರಳು ಎಳೆಯುತ್ತಾ ನಿಧಾನ ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅಭ್ಯಾಸವಿಲ್ಲದ ಆ ಕೈಯಲ್ಲಿ, ಕೊನೆಯ ಸಾಲಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು.

"ಅದೊಂದು ಇರ್ಲಿ ಕಾಕ," ಎಂದೆ.

ಅವರು ಬೇಡವೆಂದು ತಲೆಯಾಡಿಸಿದರು. ಬೆರಳನ್ನು ಪತ್ರದ ತಲೆಗೆ ತಂದು, ಆರೋಗ್ಯ ಕೇಂದ್ರದ ಸಿಸ್ಟರ್ ಅವರಿಗೆ ಎಂದು ಬರೆದಲ್ಲಿ ಇಟ್ಟರು. ನಾನು ಕಣ್ಣೊರೆಸಿಕೊಂಡು ಆ ಸಾಲು ಬಿಟ್ಟು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಅದನ್ನೂ ಓದಿ ನೋಡಿದ ಮೇಲೆಯೇ ಮಗಳ ಕೈಗೆ ಕೊಡಲು ಬಿಟ್ಟರು.

ನಾನು ಇಲ್ಲಿಗೆ ಬಂದು ಎಂಟು ತಿಂಗಳಾದಾಗ ಕಾಕ ತೀರಿಕೊಂಡರು. ಮಗಳು ಫೋನ್ ಮಾಡಿ ಹೇಳಿದಳು. ಬೆನ್ನಿಗೆ ಒಂದು ಹುಣ್ಣೂ ಆಗಿರಲಿಲ್ಲ, ಆ ಸಿಸ್ಟರ್ ಪ್ರತಿ ಸಲ ಬಂದಾಗಲೂ ಪತ್ರ ನೋಡಿಯೇ ಎಲ್ಲ ಮಾಡುತ್ತಿದ್ದರು ಎಂದಳು. ಅವತ್ತು ನನಗೆ ದುಃಖವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಈಗ ನಾನು ದಿನಕ್ಕೆ ಮೂರು ನಾಲ್ಕು ಪತ್ರ ಬರೆಯುತ್ತೇನೆ. ನನ್ನ ಪತ್ರ ಹಿಡಿದು ಯಾರೂ ಮತ್ತೆ ಫೋನ್ ಮಾಡಿ ಕೇಳಿದ್ದಿಲ್ಲ.

ಗೆರೆ ಎಳೆದ ಆ ಹಾಳೆ ನನ್ನ ಹತ್ತಿರ ಉಂಟು. ಅವರ ತಿದ್ದುಪಡಿಗಳಲ್ಲಿ ನಾನು ಈಗಲೂ ಒಪ್ಪದೆ ಇರುವುದು ಅದೊಂದನ್ನೇ. ಆ ಸಾಲು ಅಲ್ಲಿ ಇರಬೇಕಿತ್ತು. ಯಾಕೆಂದು ಹೇಳಲು ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿವೆ, ಕೂತು ಕೇಳಲು ಕಾಕ ಇಲ್ಲ.