ವಕೀಲರು ನೀರು ತುಂಬಿಸಿದ ಚುನಾವಣೆ

ಎದುರು ಬಿಲ್ಡಿಂಗಿನ ವಕೀಲರು ವಿಧಾನಸಭೆಗೆ ಪಕ್ಷೇತರರಾಗಿ ನಿಂತಾಗ ನಾನು ಡೊಂಬಿವಲಿಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಎಂಬತ್ತರ ದಶಕ. ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ, ಹೋಗಿ ಬರಲು ಲೋಕಲ್ ಗಾಡಿಯ ಹೆಂಗಸರ ಡಬ್ಬಿ. ವಕೀಲರು ಮರಾಠಿಯವರು, ಹೆಂಡತಿ ಬೆಳಗಾವಿಯ ಕನ್ನಡತಿ. ಆಕೆಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯ ನನಗೂ, ನಮ್ಮ ಕೆಳಗಿನ ಮನೆಯಲ್ಲಿದ್ದ ಬಿಜಾಪುರದ ಗೆಳತಿಗೂ ಬಾಯಿ ತುಂಬ ಕನ್ನಡ ಆಡಲು ವೈನಿಯ ಅಡುಗೆಮನೆಯೇ ಜಾಗ.

ಒಂದು ಭಾನುವಾರ ವಕೀಲರು ನಮ್ಮಿಬ್ಬರನ್ನು ಕೂರಿಸಿಕೊಂಡು ತಮ್ಮ ಪ್ರಚಾರದ ಭಾಷಣಗಳನ್ನು ಓದಿದರು. ಒಂದು ಅಭಿವೃದ್ಧಿಯ ಬಗ್ಗೆ, ಒಂದು ಪ್ರಾಮಾಣಿಕತೆಯ ಬಗ್ಗೆ, ಒಂದು ನೀರಿನ ಬಗ್ಗೆ. ಯಾವುದು ಜನರಿಗೆ ನಾಟುತ್ತದೆ ಎಂದು ಕೇಳಿದರು. ವೈನಿ ಮಾಡಿದ ಉಪ್ಪಿಟ್ಟು ತಿನ್ನುತ್ತಿದ್ದ ನಾವು ಎಲ್ಲವೂ ಚೆನ್ನಾಗಿದೆ ಎಂದೆವು.

ವೈನಿಗೆ ಸಿಟ್ಟು ಬಂತು. "ನಮ್ಮ ಉಪ್ಪಿಟ್ಟು ತಿಂದವರು ಇನ್ನೇನ್ ಹೇಳ್ತಾರ್ರೀ? ಇವನ್ನ ಹೆಂಗಸರ ಡಬ್ಬಿಯೊಳಗ ಬಿಟ್ಟು ನೋಡ್ರಿ. ಅಲ್ಲಿ ಯಾರೂ ಸುಳ್ಳ ಹೊಗಳೂದಿಲ್ಲ."

ಉಪಾಯವನ್ನೂ ಆಕೆಯೇ ಹೇಳಿಕೊಟ್ಟಳು. ನಾವು ಪ್ರಚಾರ ಮಾಡಕೂಡದು. ಸಂಜೆಯ ಗಾಡಿಯಲ್ಲಿ ನಾನು ವಕೀಲರ ಪರವಾಗಿ, ಗೆಳತಿ ವಿರುದ್ಧವಾಗಿ, ಸುಮ್ಮನೆ ಹರಟೆ ಹೊಡೆದಂತೆ ಜಗಳವಾಡಬೇಕು. ದಿನಕ್ಕೊಂದು ವಿಷಯ. ಡಬ್ಬಿಯ ಕಿವಿ ಯಾವುದಕ್ಕೆ ನೆಟ್ಟಗಾಗುತ್ತದೆ ಎಂದು ನೋಡಿ ಬಂದು ವರದಿ ಒಪ್ಪಿಸಬೇಕು. ಗೆಳತಿ ಟೆಲಿಫೋನ್ ಆಪರೇಟರ್. ಅವಳು ಪಿಸುಗುಟ್ಟಿದರೂ ಮುಂದಿನ ಡಬ್ಬಿಗೆ ಕೇಳುತ್ತಿತ್ತು.

ಮೊದಲ ಸಂಜೆ ಅಭಿವೃದ್ಧಿ. ಹರಕು ಮರಾಠಿಗೆ ಹಿಂದಿ ಬೆರೆಸಿ ನಾನು ರಸ್ತೆ, ಚರಂಡಿ, ಉದ್ಯಾನ ಎಂದು ಶುರು ಮಾಡಿದೆ. ಎದುರಿಗೆ ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ತಲೆ ಎತ್ತಿದಳು. ನನಗೆ ಖುಷಿಯಾಯಿತು. "ಕಾಲು ಸ್ವಲ್ಪ ಆಚೆ ಇಟ್ಕೊ, ಕಾಳು ಉರುಳಿದೆ" ಎಂದು ಹೇಳಿ ಮತ್ತೆ ತಲೆ ತಗ್ಗಿಸಿದಳು.

ಮರುದಿನ ಪ್ರಾಮಾಣಿಕತೆ. ವಕೀಲರು ಲಂಚ ಮುಟ್ಟುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ ಎಂದೆ. ಕಿಟಕಿ ಬಳಿಯ ಅಜ್ಜಿಯೊಬ್ಬಳು ನಿಜವಾದ ಮರುಕದಿಂದ, "ಅಯ್ಯೋ ಪಾಪ, ಮತ್ತೆ ಅವನ ಕೆಲಸ ಹೇಗೆ ಆಗುತ್ತೆ?" ಎಂದು ಕೇಳಿದಳು. ಗೆಳತಿ ವಿರೋಧ ಮಾಡುವುದನ್ನೇ ಮರೆತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ವರದಿ ಕೇಳಿದ ವಕೀಲರ ಮುಖ ಇಳಿಯಿತು. ಜನರಿಗೆ ತಿಳಿವಳಿಕೆ ಕಡಿಮೆ ಎಂದರು.

ಮೂರನೆಯ ಸಂಜೆ ನೀರು. ನಮ್ಮ ಕಡೆ ಮೇಲಿನ ಮಾಳಿಗೆಗಳಿಗೆ ನೀರು ಏರುತ್ತಿರಲಿಲ್ಲ. ಬೆಳಗಿನ ಜಾವ ಅಂಗಳದ ನಲ್ಲಿಯಲ್ಲಿ ಸಾಲು ನಿಂತು ಹೊತ್ತು ತರಬೇಕಿತ್ತು. ಇದಂತೂ ನಾಟಿಯೇ ನಾಟುತ್ತದೆ ಎಂದುಕೊಂಡು, ವಕೀಲರು ಗೆದ್ದರೆ ಮನೆಮನೆಗೆ ನೀರು ಎಂದೆ. ಡಬ್ಬಿ ಗೊಳ್ಳೆಂದು ನಕ್ಕಿತು. ಆ ಡಬ್ಬಿಗೆ ಯಜಮಾನಿಯಂತಿದ್ದ ಶಾಲಾ ಶಿಕ್ಷಕಿಯೊಬ್ಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಎಲ್ಲರೂ ಅದನ್ನೇ ಹೇಳ್ತಾರೆ ಮಗಳೇ. ನಲ್ಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತೆ ಅಂತ ನಿನ್ನ ವಕೀಲನಿಗೆ ಗೊತ್ತೇನು?"

ನನಗೆ ಅವಮಾನವಾಯಿತು. ನಾಲಗೆ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು. "ಗೊತ್ತಿಲ್ಲದೆ ಏನು? ದಿನಾ ಅವರೇ ಅಲ್ವಾ ತುಂಬಿಸುವುದು? ಹೆಂಡತಿಯನ್ನು ಎಬ್ಬಿಸುವುದೂ ಇಲ್ಲ."

ಬಟಾಣಿ ಸುಲಿಯುವ ಕೈಗಳು ನಿಂತವು. ಅಷ್ಟರಲ್ಲಿ ಗಾಡಿ ಪಾರಸಿಕ ಸುರಂಗಕ್ಕೆ ನುಗ್ಗಿ ಗಡಗಡ ಸದ್ದು ತುಂಬಿಕೊಂಡಿತು. ಹೊರಬಂದಾಗ ಡಬ್ಬಿಯ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದ್ದವು.

"ಖರಂಚ್?" ಎಂದರು ಶಿಕ್ಷಕಿ. ನಿಜವಾಗಿಯೂ?

ವಿರೋಧ ಪಕ್ಷದಲ್ಲಿರಬೇಕಿದ್ದ ಗೆಳತಿ ಆ ಕ್ಷಣವೇ ಪಕ್ಷಾಂತರ ಮಾಡಿದಳು. "ನಾನಽ ಕಣ್ಣಾರೆ ನೋಡೇನಿ! ನೀರು ತಂದು, ಚಾ ಕಾಸಿ, ಆಮ್ಯಾಲೆ ಹೆಂಡ್ತಿನ್ನ ಎಬ್ಬಸ್ತಾರ!" ಆವೇಶದಲ್ಲಿ ಅದನ್ನು ಕನ್ನಡದಲ್ಲೇ ಹೇಳಿ, ಮತ್ತೆ ಹಿಂದಿಯಲ್ಲಿ ಹೇಳಿದಳು. ಬಾಗಿಲ ಬಳಿ ನೇತಾಡುತ್ತಿದ್ದವಳೊಬ್ಬಳು ಯಾವ ಬಿಲ್ಡಿಂಗ್ ಎಂದು ವಿಳಾಸ ಕೇಳಿದಳು.

ನಮ್ಮ ವರದಿ ಕೇಳಿ ವೈನಿ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. "ಇವರಿಗೆ ನಮ್ಮನಿ ಬಾಲ್ದಿ ಯಾವ ಬಣ್ಣದ್ದು ಅನ್ನೂದೂ ಗೊತ್ತಿಲ್ಲವ್ವಾ!"

ವಕೀಲರು ಮಾತ್ರ ಕೆಂಪಾದರು. ನಾಳೆಯೇ ಸಭೆ ಕರೆದು ಇದು ಸುಳ್ಳೆಂದು ಹೇಳುತ್ತೇನೆ ಎಂದರು. "ಖೋಟಾ ಹೇಳಿ ಮತ ಕೇಳೋದು ನನಗೆ ಜಮತ್ ನಾಹಿ!" ಅದು ತಮ್ಮಿಂದಾಗದು ಎಂದು.

ವೈನಿ ಕಣ್ಣೊರೆಸಿಕೊಂಡು ಎದ್ದಳು. "ಹೌದಲ್ರೀ? ಹಂಗಾದ್ರ ಖರೇ ಮಾಡ್ರಿ."

ಪ್ರಾಮಾಣಿಕತೆಯ ಬಗ್ಗೆ ಅಷ್ಟುದ್ದ ಭಾಷಣ ಬರೆದವರಿಗೆ ಬೇರೆ ದಾರಿ ಉಳಿಯಲಿಲ್ಲ. ಮರುದಿನ ಬೆಳಗಿನ ಜಾವ ಬನಿಯನ್ನು, ಪಟ್ಟೆಪಟ್ಟೆ ಚಡ್ಡಿ ತೊಟ್ಟು ಎರಡು ಬಾಲ್ದಿ ಹಿಡಿದು ಅವರು ಅಂಗಳಕ್ಕೆ ಇಳಿದರು. ನಾನು ನಮ್ಮ ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದೆ. ಎಲ್ಲ ಗ್ಯಾಲರಿಗಳಲ್ಲೂ ಅಷ್ಟು ಬೆಳಗ್ಗೆ ಬಟ್ಟೆ ಒಣಗುತ್ತಿತ್ತು. ಪಕ್ಕದ ಗಲ್ಲಿಯಿಂದ ಇಬ್ಬರು ಹೆಂಗಸರು ಮೊಸರಿಗೆ ಹೆಪ್ಪು ಕೇಳುವ ನೆಪ ಮಾಡಿಕೊಂಡು ಬಂದಿದ್ದರು. ವಕೀಲರು ಮೆಟ್ಟಿಲು ಹತ್ತುವಾಗ ಅರ್ಧ ನೀರು ಚೆಲ್ಲಿ ಜಾರಿದರು. ಮೇಲಿನ ಮಾಳಿಗೆಯಿಂದ ಯಾರೋ ಮರಾಠಿಯಲ್ಲಿ, ಸಾವಕಾಶ ಸಾಹೇಬರೇ, ಎಂದು ಎಚ್ಚರಿಸಿದರು.

ಕೆಲವೇ ದಿನಗಳಲ್ಲಿ ಅವರಿಗೆ ಕೈ ಪಳಗಿತು. ಸಾಲಿನಲ್ಲಿ ಯಾರ ಕೊಡ ಮೊದಲು ಎಂಬ ಜಗಳಗಳು ಅವರ ಮುಂದೆಯೇ ಬರತೊಡಗಿದವು. ಅವರು ಸಾಕ್ಷಿಗಳನ್ನು ವಿಚಾರಿಸಿ ತೀರ್ಪು ಕೊಡುವಷ್ಟರಲ್ಲಿ ಕೆಲವೊಮ್ಮೆ ನೀರೇ ನಿಂತುಹೋಗುತ್ತಿತ್ತು.

ಸುದ್ದಿ ಗಾಡಿಯ ಜೊತೆ ಓಡಿತು. ಅತ್ತ ಠಾಣೆಯವರೆಗೆ, ಇತ್ತ ಉಲ್ಹಾಸನಗರದವರೆಗೆ. ಅಲ್ಲಿಯ ಹೆಂಗಸರಿಗೆ ನಮ್ಮ ವಕೀಲರಿಗೆ ಮತ ಹಾಕುವ ಹಕ್ಕಿರಲಿಲ್ಲ, ಆದರೆ ಗಂಡಂದಿರನ್ನು ಎಬ್ಬಿಸುವ ಹಕ್ಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಗಂಡಸರು ವಕೀಲರನ್ನು ಅಡ್ಡಗಟ್ಟಿ, "ಸಾಹೇಬ್, ರಸ್ತೆ ಬೇಡ, ಚರಂಡಿ ಬೇಡ, ಈ ಬಾಲ್ದಿ ಒಂದು ಬಿಟ್ಟುಬಿಡಿ" ಎಂದು ಕೈಮುಗಿದರಂತೆ.

ಎದುರಾಳಿಗೂ ಬಿಸಿ ತಟ್ಟಿತು. ಆತ ಡೋಲು, ಹಾರ, ಫೋಟೋಗ್ರಾಫರ್ ಸಮೇತ ಹೊಸ ಬಾಲ್ದಿ ಹಿಡಿದು ನಮ್ಮ ಗಲ್ಲಿಯ ನಲ್ಲಿಗೇ ಬಂದ. ಬಂದದ್ದು ಬಿಸಿಲೇರಿದ ಮೇಲೆ. ನಲ್ಲಿ ತಿರುಗಿಸಿದ. ಅದು ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಗ್ಯಾಲರಿಗಳಲ್ಲಿ ಎದ್ದ ನಗೆಗೆ ಡೋಲಿನವನೂ ಸೇರಿಕೊಂಡ.

ಇಷ್ಟಾಗಿಯೂ ವಕೀಲರು ಸೋತರು. ಠೇವಣಿ ಉಳಿಯಿತು ಎನ್ನುವುದೇ ಸಮಾಧಾನ. ಫಲಿತಾಂಶದ ಸಂಜೆ ಡಬ್ಬಿಯಲ್ಲಿ ಶಿಕ್ಷಕಿ ನನ್ನ ಕೈ ಹಿಡಿದು, ತಾನಂತೂ ಅವನಿಗೇ ಮತ ಹಾಕಿದ್ದು ಎಂದರು. ಬಟಾಣಿಯ ಹೆಂಗಸೂ ಹಾಗೇ ಹೇಳಿದಳು. ಹಾಗೆ ಹೇಳಿದವರೆಲ್ಲ ನಿಜವಾಗಿ ಹಾಕಿದ್ದರೆ ಅವರು ಗೆಲ್ಲಬೇಕಿತ್ತು.

ಮರುದಿನ ಬೆಳಗಿನ ಜಾವ ನಮಗೆಲ್ಲ ಎಚ್ಚರವಾದದ್ದು ಎದುರುಮನೆಯ ಖಾಲಿ ಬಾಲ್ದಿಯ ಸದ್ದಿಗೆ. ವೈನಿ ಅದನ್ನು ಮಂಚದ ಪಕ್ಕದಲ್ಲೇ ಬಾರಿಸುತ್ತಿದ್ದಿರಬೇಕು.

"ಅಗ, ಎಲೆಕ್ಷನ್ ಸಂಪ್ಲಂ!" ಚುನಾವಣೆ ಮುಗಿಯಿತಲ್ಲ ಎಂದು ವಕೀಲರು ಗೋಗರೆಯುವುದು ಕೇಳಿಸಿತು.

"ಎಲೆಕ್ಷನ್ ಮುಗೀತ್ರೀ. ನೀರು ಈಗ ಬಂದಾವ. ಏಳ್ರಿ."

ನನ್ನ ಗಂಡ ಮುಸುಕಿನೊಳಗಿಂದಲೇ, "ಈ ಪುಕಾರು ಹಬ್ಬಿಸಿದವರು ಯಾರು ಅಂತ ಒಮ್ಮೆ ಗೊತ್ತಾಗ್ಬೇಕು ಮಾರಾಯ್ತಿ" ಎಂದರು. ಯಾರೋ ಗಾಡಿಯ ಹೆಂಗಸರಂತೆ ಎಂದೆ. ಗೊಣಗುತ್ತ ಎದ್ದು ನಮ್ಮ ಬಾಲ್ದಿಗಳನ್ನು ಹಿಡಿದು ಅವರೂ ಇಳಿದು ಹೋದರು. ನಾನು ಅವರ ಕಂಬಳಿಯನ್ನೂ ಎಳೆದುಕೊಂಡು ಮತ್ತೆ ಮಲಗಿದೆ.