ಕೇಸರಿಬಾತಿಗೆ ಹದಿನಾಲ್ಕು, ಪಾಯಸಕ್ಕೆ ಹದಿನಾಲ್ಕು

ಬೆಳಗ್ಗೆ ಆರಕ್ಕೆ ಶುರುವಾದ ಯೋಚನೆ ಮಧ್ಯಾಹ್ನ ಒಂದೂಕಾಲಿಗೆ ರಕ್ತ ಬಂದಾಗ ಮುಗಿಯಿತು. ವಿಷಯ ಇಷ್ಟೇ: ಕೇಸರಿಬಾತ್ ಮಾಡುವುದೋ, ಗಸಗಸೆ ಪಾಯಸ ಮಾಡುವುದೋ. ಎರಡೂ ನನಗೆ ಪ್ರಾಣ. ಅಂದು ಸಂಜೆ ನಾಲ್ಕಕ್ಕೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಎಪ್ಪತ್ತರ ದಶಕದ ಕೊನೆಯ ದಿನಗಳು. ಜಯನಗರದ ಟಿ ಬ್ಲಾಕಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ನಡುಮನೆಯ ಗೋಡೆಯ ಮೇಲೆ ಅವರೇ ಬರೆದ ದಿನಚರಿಯ ಪಟ್ಟಿ ಇತ್ತು: ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಐದೂಕಾಲಿಗೆ ಅಂಗಳ ಗುಡಿಸುವುದು, ಹೀಗೆ ರಾತ್ರಿ ಒಂಬತ್ತರವರೆಗೆ. ಪಟ್ಟಿಯ ಪಕ್ಕದ ಮೊಳೆಯಲ್ಲಿ ಬೆತ್ತ. ಒಂದು ನಿಮಿಷ ತಡವಾದರೆ ಅಂಗೈಗೆ ಒಂದು ಏಟು, ಎದುರು ಮಾತಾಡಿದರೆ ಮೀನಖಂಡಕ್ಕೆ ಎರಡು. ನಮಗೆ ಬೀಳುತ್ತಿದ್ದುದಕ್ಕೆ ನಿಯಮವಿತ್ತು. ಅಮ್ಮನಿಗೆ ಬೀಳುತ್ತಿದ್ದುದಕ್ಕೆ ಇರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಆ ಪಟ್ಟಿ ಇಷ್ಟವಾಗಿತ್ತು. ಯಾವಾಗ ಏನು ಮಾಡಬೇಕೆಂದು ತಿಳಿದಿದ್ದರೆ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಮುಂದೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಮೇಡಂ ಆಗಿ ನಿವೃತ್ತಿಯವರೆಗೆ ಸೀಟಿ ಊದಿದೆ. ಇವತ್ತಿಗೂ ನಾಲ್ಕೂವರೆಗೆ ಏಳುತ್ತೇನೆ. ಅಕ್ಕನ ಸಂಗತಿ ಬೇರೆ. ಅವಳಿಗೆ ಆ ಮನೆಯಿಂದ ಹೊರಗೆ ಹೋಗಬೇಕಿತ್ತು. ಟೈಪಿಂಗ್ ಪಾಸು ಮಾಡಿದ್ದಳು, ಅಪ್ಪ ಕೆಲಸಕ್ಕೆ ಕಳಿಸಲಿಲ್ಲ. ಉಳಿದದ್ದು ಮದುವೆಯೊಂದೇ. ಅದಾಗಲೇ ಮೂರು ಕಡೆಯವರು ಬಂದು, ನೋಡಿ, ತಿಂದು, “ತಿಳಿಸ್ತೀವಿ” ಎಂದು ಹೋಗಿದ್ದರು. ಯಾರೂ ತಿಳಿಸಿರಲಿಲ್ಲ. ಮೂರು ಸಲವೂ ನಾವು ಕೊಟ್ಟಿದ್ದು ಕೇಸರಿಬಾತ್.

ನಾಲ್ಕನೆಯವರು ವಸಂತಪುರದವರು. ಹುಡುಗ, ಅವನ ತಾಯಿ, ಅವನ ಸೋದರಮಾವ, ಒಟ್ಟು ಮೂವರು. ಆ ವಾರದ ಅಡುಗೆ ಡ್ಯೂಟಿ ನನ್ನದು. ಅಪ್ಪನ ಆಜ್ಞೆ ಸ್ಪಷ್ಟವಾಗಿತ್ತು. “ಒಂದು ಖಾರ, ಒಂದು ಸಿಹಿ. ಎರಡು ಸಿಹಿ ಮಾಡಿದ್ರೆ ಇಬ್ರಿಗೂ ಬೀಳತ್ತೆ. ಯಾವ್ದು ಅಂತ ನೀನೇ ತೀರ್ಮಾನ ಮಾಡು.”

ಖಾರ ಬೇಗ ತೀರ್ಮಾನವಾಯಿತು, ಆಲೂಗಡ್ಡೆ ಬೋಂಡ. ಸಿಹಿಗೆ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು, ನಡುವೆ ಗೆರೆ ಎಳೆದು ಕೂತೆ.

ಕೇಸರಿಬಾತಿನ ಪರವಾಗಿ ಮೊದಲ ಸಾಕ್ಷಿ ಅದರ ಬಣ್ಣ. ಬಟ್ಟಲಿಗೆ ಅದುಮಿ ತಟ್ಟೆಗೆ ಬೋರಲು ಹಾಕಿದರೆ ಗುಮ್ಮಟದಂತೆ ನಿಲ್ಲುತ್ತದೆ. ಆ ಗುಮ್ಮಟಕ್ಕೆ ಚಮಚ ಚುಚ್ಚಿ ಒಂದು ಕಡೆ ಕುಸಿಯುವಂತೆ ಮಾಡುವುದಿದೆಯಲ್ಲ, ಕೋಟೆ ಒಡೆದಷ್ಟು ಸುಖ. ಆದರೆ ರೇಷನ್ ಸಕ್ಕರೆ ತಳ ಕಂಡಿತ್ತು. ಬರುವವರು ಅರ್ಧ ಗಂಟೆ ತಡ ಮಾಡಿದರೆ ಗುಮ್ಮಟ ಸಿಮೆಂಟಾಗುತ್ತದೆ. ಎರಡನೆಯ ಸಲ ಬಂದ ಹಿರಿಯರೊಬ್ಬರ ಚಮಚ ಬಾಗಿಹೋಗಿತ್ತು. ಗೋಡಂಬಿಯ ಅಪಾಯವೂ ಉಂಟು. ಹುಡುಗನ ತಟ್ಟೆಯಲ್ಲಿ ಎರಡು, ಮಾವನ ತಟ್ಟೆಯಲ್ಲಿ ಒಂದು ಬಿದ್ದರೆ ಸಂಬಂಧ ಅಲ್ಲೇ ಮುರಿಯಬಹುದು. ಎಣಿಸಿ ಹಾಕಿದರೆ ಎಣಿಸಿದ್ದು ಗೊತ್ತಾಗುತ್ತದೆ.

ಗಸಗಸೆ ಪಾಯಸಕ್ಕೆ ಬೇಕಾದ ಬೆಲ್ಲ ಮನೆಯಲ್ಲಿತ್ತು. ಹುರಿದ ಗಸಗಸೆ, ನೆನೆದ ಅಕ್ಕಿ, ಕಾಯಿ, ಏಲಕ್ಕಿ ಒರಳಿನಲ್ಲಿ ಬೆಣ್ಣೆಯಾಗುವಾಗ ಬರುವ ಪರಿಮಳಕ್ಕೆ ನಾನು ಎಂಥ ಅಪರಾಧವನ್ನಾದರೂ ಒಪ್ಪಿಕೊಂಡೇನು. ಲೋಟದಲ್ಲಿ ಕುಡಿಯುವುದರಿಂದ ಬಾಯಿ ತುಂಬಿರುತ್ತದೆ, ಹಾಡು ಬರುತ್ತಾ ಹಸೆ ಬರುತ್ತಾ ಎಂಬ ಪ್ರಶ್ನೆ ತಡವಾಗುತ್ತದೆ. ಆದರೆ ಕುಡಿದವರಿಗೆ ನಿದ್ದೆ ಬರುತ್ತದೆ. ನಿದ್ದೆ ಹೋದವರು ‘ಆಗಬಹುದು’ ಎನ್ನುವುದು ಹೇಗೆ? ಇದನ್ನು ವಿರೋಧದ ಕಡೆ ಬರೆದೆ. ಐದು ನಿಮಿಷ ಬಿಟ್ಟು, ನಿದ್ದೆ ಹೋದವರು ‘ಬೇಡ’ ಎನ್ನಲೂ ಆಗುವುದಿಲ್ಲವಲ್ಲ ಎಂದು ಹೊಳೆಯಿತು. ಅದನ್ನೇ ಪರವಾಗಿಯೂ ಬರೆದೆ.

ಒಂದೊಂದಕ್ಕೂ ಮಾರ್ಕ್ಸ್ ಹಾಕಿ ಕೂಡಿದಾಗ ಎರಡೂ ಸಮ, ಹದಿನಾಲ್ಕಕ್ಕೆ ಹದಿನಾಲ್ಕು. ತುಪ್ಪಕ್ಕೆ ಒಂದರ ಬದಲು ಎರಡು ಕೊಟ್ಟು ನೋಡಿದೆ; ಹಾಗಾದರೆ ಏಲಕ್ಕಿಗೂ ಎರಡು ಕೊಡುವುದೇ ನ್ಯಾಯವಾಗಿತ್ತು. ಇವತ್ತು ಹಾಳೆ ಹಿಡಿದು ಕೂತರೂ ಅಷ್ಟೇ ಬರುತ್ತದೆ. ಒಂಬತ್ತಕ್ಕೆ ಗಸಗಸೆ ಹುರಿದೆ. ಹತ್ತಕ್ಕೆ ಮನಸ್ಸು ತಿರುಗಿ ರವೆ ಹುರಿದೆ. ಹನ್ನೆರಡಕ್ಕೆ ಮತ್ತೆ ತಿರುಗಿ, ಗಸಗಸೆಯನ್ನು ಅರೆಯಲು ಅಮ್ಮನ ಮುಂದೆ ಇಟ್ಟೆ. ಒಂದಕ್ಕೆ ರವೆಯ ಬಾಣಲೆಯನ್ನು ಪುನಃ ಒಲೆಗೆ ಏರಿಸುತ್ತಿದ್ದಾಗ ಅಕ್ಕ ಬಂದಳು.

“ಏನ್ ಮಾಡ್ತಿದೀಯೇ?”

“ಯೋಚ್ನೆ.”

“ಬೆಳಗ್ಗಿಂದಾನಾ? ನನ್ನ ಜೀವನ ಕಣೇ ಇದು, ನಿನ್ನ ಕ್ಲಾಸ್ ಟೆಸ್ಟ್ ಅಲ್ಲ.”

“ಹದಿನಾಲ್ಕಕ್ಕೆ ಹದಿನಾಲ್ಕು ಬಂದಿದೆ. ಬೇಕಾದ್ರೆ ನೋಡು.”

“ಮೂರು ಸಲ ಕೇಸರಿಬಾತ್ ತಿಂದು ಕೈ ತೊಳ್ಕೊಂಡು ಹೋದ್ರು. ಅದಕ್ಕೆಷ್ಟು ಮಾರ್ಕ್ಸ್ ಕಳೆದೆ?”

“ಅದು ಕೇಸರಿಬಾತಿನ ತಪ್ಪಲ್ಲ.”

“ಮತ್ತೆ ಯಾರ್ದು?”

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. “ತಿಂದ್ಮೇಲೆ ನಿನ್ನ ಮುಖ ನೋಡಿದ್ರಲ್ಲ” ಎಂದೆ.

ಅಕ್ಕ ಬಾಣಲೆಯನ್ನು ಎತ್ತಿ, ಹುರಿದ ರವೆಯನ್ನೆಲ್ಲ ಪಾತ್ರೆ ತೊಳೆಯುವ ಬಕೆಟ್ಟಿಗೆ ಸುರಿದಳು. ನನ್ನ ಕೈಯಲ್ಲಿದ್ದ ಸೌಟು ಅವಳ ಭುಜಕ್ಕೆ ಬಿತ್ತು. ಅವಳು ನನ್ನ ಜಡೆ ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿದಳು. ನಾನು ಅವಳ ತೋಳು ಕಚ್ಚಿದೆ, ಬಾಯಲ್ಲಿ ಉಪ್ಪುಪ್ಪಾಯಿತು. ಅವಳು ಹಿಡಿತ ಬಿಟ್ಟಾಗ ಕೈಗೆ ಸಿಕ್ಕ ಹಿತ್ತಾಳೆ ಲೋಟವನ್ನು ಪೂರ್ತಿ ಬಲದಿಂದ ಬೀಸಿದೆ. ಲೋಟ ಅವಳ ಹುಬ್ಬಿನ ಮೂಳೆಗೆ ತಾಗಿದ ಸದ್ದು ಗಂಟೆ ಹೊಡೆದಂತಿತ್ತು. ಚರ್ಮ ಸೀಳಿ ರಕ್ತ ಕೆನ್ನೆಗಿಳಿಯಿತು.

ಒರಳಿನ ಮುಂದಿದ್ದ ಅಮ್ಮ ಗುಂಡುಕಲ್ಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ಪಾಯಸಕ್ಕೆ ರಕ್ತ ಬೀಳತ್ತೆ. ಆ ಕಡೆ ಹೋಗಿ ಹೊಡ್ಕೊಳ್ರೇ” ಎಂದಳು.

ಅಷ್ಟರಲ್ಲಿ ಅಪ್ಪ ಬಂದರು, ಬೆತ್ತದ ಸಮೇತ. ಇಬ್ಬರಿಗೂ ಮೀನಖಂಡಕ್ಕೆ ನಾಲ್ಕು ನಾಲ್ಕು. ಅಕ್ಕ ತಡೆಯಲು ಕೈ ಚಾಚಿದ್ದರಿಂದ ಒಂದು ಅವಳ ಮುಂಗೈಗೆ ಬಿತ್ತು. “ಒಂದೂಮುಕ್ಕಾಲಿಗೆ ಅಡುಗೆಮನೆ ಕ್ಲೀನಾಗಿರ್ಬೇಕು” ಎಂದು ಹೇಳಿ ಹೋದರು. ಒಂದೂಮುಕ್ಕಾಲಿಗೆ ಆಗಿತ್ತು. ರವೆ ಬಕೆಟ್ಟಿನಲ್ಲಿ ಅಂಟಾಗಿ ಕೂತಿದ್ದರಿಂದ ಪಾಯಸ ಗೆದ್ದಿತು.

ನಾಲ್ಕು ಗಂಟೆಯ ಹೊತ್ತಿಗೆ ಅಕ್ಕನ ಎಡಗಣ್ಣು ನೇರಳೆಹಣ್ಣಿನಂತೆ ಊದಿ ಮುಚ್ಚಿಹೋಗಿತ್ತು. ಅಮ್ಮ ಮೆತ್ತಿದ ಪೌಡರು ಬಿರುಕು ಬಿಟ್ಟು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಅವಳು ಒಂದೇ ಕಣ್ಣಿನಿಂದ ದಾರಿ ನೋಡಿಕೊಂಡು ಲೋಟಗಳ ತಟ್ಟೆ ತಂದಳು. ಹುಡುಗ ಕಣ್ಣು ಕೆಳಗೆ ಹಾಕಿದ. ಅವನ ತಾಯಿ ಹಾಕಲಿಲ್ಲ.

“ಕಣ್ಣಿಗೇನಾಯ್ತಮ್ಮ?”

“ಬಾಗಿಲು ತಗುಲ್ತು” ಎಂದರು ಅಪ್ಪ.

“ಬಾಗಿಲಲ್ಲ, ತಂಗಿ ಹೊಡೆದ್ಳು” ಎಂದಳು ಅಕ್ಕ. “ಲೋಟದಲ್ಲಿ. ಸಿಹಿ ಯಾವ್ದು ಮಾಡೋದು ಅಂತ ಜಗಳ ಆಯ್ತು.”

ಆಕೆ ತನ್ನ ಕೈಯಲ್ಲಿದ್ದ ಲೋಟವನ್ನು ದೂರ ಹಿಡಿದು ನೋಡಿದರು. “ಈ ಲೋಟಾನಾ?”

“ಇದಲ್ಲ. ಅದು ನೆಗ್ಗಿದೆ.”

ಆಕೆಗೆ ನಗು ಬಂತು. ಹಾಗೆ ನಗುತ್ತಲೇ ಅಕ್ಕನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳಲು ಹೋದವರಿಗೆ ಮುಂಗೈಯ ಮೇಲೆ ಎದ್ದಿದ್ದ ಬಾಸುಂಡೆ ಕಂಡಿತು. ನಗು ನಿಂತಿತು. “ಇದೂ ತಂಗೀನಾ?”

ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಇದು ಅಪ್ಪ” ಎಂದಳು.

ಅಪ್ಪನ ಕುರ್ಚಿ ಕಿರ್ರೆಂದಿತು. ಹುಡುಗನ ತಾಯಿ ಎದ್ದು ನಿಂತು, “ಹೊರಡೋಣ, ಮಾವನ್ನ ಏಳ್ಸು” ಎಂದರು. ಮಾವ ಎರಡು ಲೋಟ ಪಾಯಸ ಕುಡಿದು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹುಡುಗ ಭುಜ ಅಲುಗಾಡಿಸಿದ. “ಐದ್ ನಿಮಿಷ ಕಣೋ” ಎಂದು ಅವರು ಇನ್ನೊಂದು ಮಗ್ಗುಲಿಗೆ ವಾಲಿದರು. ಹುಡುಗ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದ. ಅಕ್ಕ ಖಾಲಿ ಲೋಟ ತರುವ ನೆಪದಲ್ಲಿ ಹಿಂದೆಯೇ ಬಂದಳು. ಅಲ್ಲಿ ಪಾತ್ರೆ ಉಜ್ಜುತ್ತಿದ್ದ ನನ್ನನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ನಿಮ್ಮನೇಲಿ ಹೊಡೀತಾರಾ?” ಎಂದು ಅಕ್ಕ ಕೇಳಿದಳು. ಹೆಣ್ಣು ನೋಡಲು ಬಂದವರನ್ನು ಹೀಗೆ ಕೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ.

“ನಮ್ಮಪ್ಪ ಹೊಡೀತಿದ್ರು. ಈಗಿಲ್ಲ.”

“ಅವ್ರಿಲ್ವಾ, ಹೊಡೆಯೋದಿಲ್ವಾ?”

“ಎರಡೂ ಇಲ್ಲ.” ಅವನು ಅವಳ ಕಣ್ಣನ್ನು ನೋಡಿದ. “ನೀವು ವಾಪಸ್ ಹೊಡೆದ್ರಾ?”

“ಅವಳ ತಲೆ ಮುಟ್ಟಿ ನೋಡಿ. ಎರಡು ಕಡೆ ನಿಂಬೆಹಣ್ಣು ಸಿಗತ್ತೆ.”

ಅವನು ನಕ್ಕ. ಅಕ್ಕ ನಗಲಿಲ್ಲ. “ನಂಗೆ ಇಲ್ಲಿಂದ ಹೋಗ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ತಿಳಿಸ್ತೀವಿ ಅನ್ಬೇಡಿ” ಎಂದಳು.

ಅವನು ನಲ್ಲಿ ನಿಲ್ಲಿಸಿ, ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ಆಗತ್ತೆ” ಎಂದ. “ಅಮ್ಮಂಗೆ ನಾನ್ ಹೇಳ್ತೀನಿ.”

ಅವರು ಬೀದಿಯ ತಿರುವು ದಾಟುವವರೆಗೂ ಅಪ್ಪ ಗೇಟಿನಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. ಒಳಗೆ ಬಂದು ಬೆತ್ತ ತೆಗೆದುಕೊಂಡರು. ಪರರ ಮುಂದೆ ಅಪ್ಪನ ಹೆಸರು ಹೇಳಿದ್ದಕ್ಕೆ ಎಷ್ಟು ಎಂದು ನಿಯಮದಲ್ಲಿರಲಿಲ್ಲ. ನಾನು ಹನ್ನೊಂದರವರೆಗೆ ಎಣಿಸಿದೆ. ಅಮ್ಮ ಅಡುಗೆಮನೆಯಿಂದ ಬಂದು ನಡುವೆ ನಿಂತಳು, ಆಮೇಲಿನವು ಅವಳಿಗೆ ಬಿದ್ದವು. ನಾನು ಗೋಡೆಗೆ ಒರಗಿ, ಅಲುಗಾಡದೆ ನಿಂತಿದ್ದೆ. ಅಡುಗೆ ಡ್ಯೂಟಿ ನನ್ನದು, ಲೋಟ ಬೀಸಿದ ಕೈ ನನ್ನದು.

ಹುಡುಗನ ತಾಯಿ ಒಂದು ವಾರ ತೆಗೆದುಕೊಂಡರು. ಒಪ್ಪಿದರು. ಮೂರು ತಿಂಗಳಿಗೆ ಮದುವೆಯಾಯಿತು, ಅಕ್ಕ ತಿರುಗಿ ನೋಡದೆ ಹೋದಳು.

ಮುಂದಿನ ವರ್ಷ ಒಂದು ಭಾನುವಾರ ವಸಂತಪುರಕ್ಕೆ ಹೋಗಿದ್ದೆ. ಅಕ್ಕ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಗೋಡೆ ಗಡಿಯಾರಕ್ಕೆ ಕೀ ಕೊಡಲೆಂದು ಭಾವ ನಮ್ಮ ಹಿಂದೆ ಬಂದು ಕೈ ಎತ್ತಿದರು. ಅಕ್ಕ ತಟ್ಟನೆ ತಲೆ ಬಗ್ಗಿಸಿ ಮೊಣಕೈ ಅಡ್ಡ ಹಿಡಿದಳು. ಮೊರದಲ್ಲಿದ್ದದ್ದೆಲ್ಲ ಚೆಲ್ಲಿಹೋಯಿತು.

ಭಾವ ಕೈ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದರು. “ನೀನು ಒಳಗೆ ಹೋದಾಗ ಕೀ ಕೊಡ್ತೀನಿ ಬಿಡು” ಎಂದರು. ಇದು ಮೊದಲ ಸಲವಲ್ಲ ಎಂದು ಅವರ ದನಿಯಿಂದಲೇ ತಿಳಿಯಿತು. ಆಮೇಲೆ ಅವರು ನನ್ನ ಕಡೆ ನೋಡಿದರು. ನನ್ನ ಎರಡು ಕೈಗಳೂ ತಲೆಯ ಮೇಲಿದ್ದವು.